ಒಕ್ಕಲು, ಬಾಡಿಗೆ, ತೆರವು: ಬಾಯಿಮಾತಿನ ಕರಾರು ನ್ಯಾಯಾಲಯವನ್ನು ಹೊಕ್ಕಾಗ

ಬಾಡಿಗೆದಾರನಿಂದ ಮನೆ ಬಿಡಿಸಿಕೊಳ್ಳುವ ಕ್ರಿಯೆಗೆ ಕನ್ನಡದಲ್ಲಿ ರೂಢವಾಗಿರುವ ಪದ ‘ಒಕ್ಕಲೆಬ್ಬಿಸುವುದು’. ಈ ಪದದ ಪೂರ್ವಾರ್ಧವಾದ ‘ಒಕ್ಕಲು’ ನಮ್ಮ ಜನಪದ ಬದುಕಿನಲ್ಲಿ ಹೊತ್ತಿರುವ ಅರ್ಥಭಾರ ಸಾಮಾನ್ಯವಾದುದಲ್ಲ. ಉಳುವ ಕುಟುಂಬ ಒಕ್ಕಲು, ಅದರ ಕಾಯಕ ಒಕ್ಕಲುತನ. ಕರಾವಳಿಯಲ್ಲಿ ಹೊಸಮನೆಯ ಪ್ರವೇಶವೇ ‘ಮನೆ ಒಕ್ಕಲು’. ಹಳೆಯ ಮೈಸೂರು ಸೀಮೆಯ ಮಂಟೇಸ್ವಾಮಿ ಮತ್ತು ಮಲೆಯ ಮಾದೇಶ್ವರ ಪರಂಪರೆಗಳಲ್ಲಿ ದೇವರಿಗೆ ನಡೆದುಕೊಳ್ಳುವ ಮನೆತನಗಳೂ ಒಕ್ಕಲುಗಳೇ. ಅಂದರೆ ಒಕ್ಕಲು ಎಂಬುದು ಒಂದು ವಾಸಸ್ಥಾನವನ್ನು ಮಾತ್ರ ಹೇಳುವ ಪದವಲ್ಲ; ಯಾರಿಗೋ, ಯಾವುದಕ್ಕೋ ಸೇರಿಕೊಂಡು ನೆಲೆನಿಂತ ಸಂಬಂಧವನ್ನು ಹೇಳುವ ಪದ. ಅಂಥ ನೆಲೆಯಿಂದ ‘ಎಬ್ಬಿಸುವುದು’ ಎಂದಾಗ ಅದರಲ್ಲಿ ಹಿಂಸೆಯ ಧ್ವನಿ ತಾನಾಗಿಯೇ ಸೇರಿಕೊಳ್ಳುತ್ತದೆ.

ಈ ಪದ ಹುಟ್ಟಿ ಬೆಳೆದದ್ದು ಗದ್ದೆ ತೋಟಗಳಲ್ಲಿ. ಮೂಲಗೇಣಿಯ ಒಕ್ಕಲಿಗೆ ನೆಲೆಯ ಭದ್ರತೆ ಇತ್ತು. ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿದ್ದ. ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡ 1951ರ ಕಾಗೋಡು ಸತ್ಯಾಗ್ರಹ ಈ ಭಯದ ಬದುಕನ್ನು ರಾಜ್ಯದ ಮುಂದಿಟ್ಟಿತು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ಮೇಲೆ ಹೊಲದ ಒಕ್ಕಲೆಬ್ಬಿಸುವಿಕೆ ಬಹುಮಟ್ಟಿಗೆ ಮುಗಿದ ಅಧ್ಯಾಯವಾಯಿತು. ಪದ ಮಾತ್ರ ಸಾಯಲಿಲ್ಲ. ಅದು ಪಟ್ಟಣದ ವಠಾರಕ್ಕೆ, ಬಾಡಿಗೆ ಮನೆಗೆ, ಮಳಿಗೆಗೆ ಬಂದು ಸೇರಿತು. ಹೊಲದ ಒಕ್ಕಲಿನ ಕುರಿತು ನಮ್ಮಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಪಟ್ಟಣದ ಬಾಡಿಗೆ ಮನೆಯೂ ಒಂದು ಮೌಖಿಕ ಸಂಸ್ಥೆ ಎಂಬುದು ಜಾನಪದ ವಿದ್ವಾಂಸರ ಗಮನ ಸೆಳೆದದ್ದು ಕಡಿಮೆ.

ಮೌಖಿಕ ಸಂಸ್ಥೆ ಎನ್ನುವುದಕ್ಕೆ ಕಾರಣವಿದೆ. ಮನೆ ಗೊತ್ತು ಮಾಡುವ ಕ್ರಮವನ್ನು ನೋಡಬಹುದು. ಬಾಗಿಲಿಗೆ ತೂಗುಹಾಕಿದ ಹಲಗೆ ನೋಡಿಯೋ ಪರಿಚಯದವರ ಮಾತಿನ ಮೇಲೋ ಬಾಡಿಗೆದಾರ ಬರುತ್ತಾನೆ. ಊರು, ಉದ್ಯೋಗ, ಊಟದ ಪದ್ಧತಿಗಳ ವಿಚಾರಣೆ ನಡೆಯುತ್ತದೆ. ಜಾತಿಯ ಪ್ರಶ್ನೆ ನೇರವಾಗಿಯೋ ಸುತ್ತುಬಳಸಿಯೋ ಬಂದೇ ಬರುತ್ತದೆ. ಮುಂಗಡ ಕೈ ಬದಲಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲ ನಡೆದುಬಂದಿದೆ. ಒಳ್ಳೆಯ ದಿನ ನೋಡಿ ಹಾಲುಕ್ಕಿಸಲಾಗುತ್ತದೆ. ಆಷಾಢದಲ್ಲಿ ಮನೆ ಬದಲಿಸಬಾರದೆಂಬ ನಂಬಿಕೆಯನ್ನು ಮಾಲೀಕನೂ ಮನ್ನಿಸುತ್ತಾನೆ. ನೀರು ಬಿಡುವ ಹೊತ್ತು, ತುಳಸಿಕಟ್ಟೆಯ ಮುಂದೆ ಗುಡಿಸುವ ಸರದಿ, ರಾತ್ರಿ ಗೇಟು ಹಾಕುವ ವೇಳೆ ಎಲ್ಲವೂ ಗೊತ್ತಾಗುವುದು ಬಾಯಿಮಾತಿನಲ್ಲಿ. ಮಾಲೀಕನ ಹೆಂಡತಿ ಬಾಡಿಗೆದಾರಳಿಗೆ ‘ಅಕ್ಕ’ನೋ ‘ಅಮ್ಮ’ನೋ ಆಗುತ್ತಾಳೆ. ಸಂಬಂಧ ಚೆನ್ನಾಗಿರುವವರೆಗೆ ರಸೀದಿ ಕೇಳುವುದೇ ಅವಮಾನದ ಮಾತು.

ಸಂಬಂಧ ಕೆಟ್ಟ ದಿನ ಇವೆಲ್ಲ ನ್ಯಾಯಾಲಯದ ಭಾಷೆಗೆ ತರ್ಜುಮೆಯಾಗಬೇಕು. ತೊಂದರೆ ಇರುವುದು ಇಲ್ಲಿಯೇ.

ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಕುಳಿತ ಬಾಡಿಗೆದಾರನ ಬಗ್ಗೆ ಮಾಲೀಕರ ವಲಯದಲ್ಲಿ ಸಿದ್ಧವಾಗಿರುವ ನುಡಿಗಟ್ಟು ‘ಉಂಡ ಮನೆಯ ಜಂತೆ ಎಣಿಸುವುದು’. ಕುತೂಹಲದ ಸಂಗತಿಯೆಂದರೆ ಇದೇ ನೀತಿ ಕಾನೂನಿನಲ್ಲೂ ಇದೆ. ಮಾಲೀಕನಿಂದ ಮನೆ ಪಡೆದು ಒಳಹೊಕ್ಕವನು, ಬಾಡಿಗೆ ಮುಂದುವರಿದಿರುವಾಗ, ಆ ಮಾಲೀಕನಿಗೆ ಮೊದಲಿಗೆ ಹಕ್ಕೇ ಇರಲಿಲ್ಲವೆಂದು ವಾದಿಸುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 116ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೆ ಇದರ ಪ್ರಯೋಜನ ಪಡೆಯಬೇಕಾದರೆ ಆತ ಬಾಡಿಗೆದಾರನೆಂಬುದು ಮೊದಲು ಸಿದ್ಧವಾಗಬೇಕು. ಬಾಯಿಮಾತಿನ ಕರಾರಿನಲ್ಲಿ ಸಿದ್ಧಪಡಿಸಲು ಕಷ್ಟವಾದುದು ಅದೇ.

ಕರ್ನಾಟಕ ಬಾಡಿಗೆ ಕಾಯಿದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬಾಡಿಗೆಯ ಕರಾರು ಬರವಣಿಗೆಯಲ್ಲಿರಬೇಕೆಂದು ಅದರ 4ನೇ ಕಲಮು ವಿಧಿಸುತ್ತದೆ. ಇದಕ್ಕಿಂತ ನಿರ್ಣಾಯಕವಾದುದು 43ನೇ ಕಲಮು. ಎದುರಾಳಿಯು ‘ನಾನು ಇವರ ಬಾಡಿಗೆದಾರನೇ ಅಲ್ಲ’ ಎಂದಾಗ ಕರಾರು ಪತ್ರವನ್ನೋ ಮಾಲೀಕನ ಸಹಿಯಿರುವ ರಸೀದಿಯನ್ನೋ ಹಾಜರುಪಡಿಸಿದರೆ ನ್ಯಾಯಾಲಯ ಅದನ್ನು ಮೇಲ್ನೋಟದ ಪುರಾವೆಯಾಗಿ ಒಪ್ಪಿ ಮುಂದುವರಿಯುತ್ತದೆ. ಕರಾರು ಬಾಯಿಮಾತಿನದಾಗಿದ್ದು ರಸೀದಿಯೂ ಇಲ್ಲವಾದರೆ, ಆ ನ್ಯಾಯಾಲಯ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ, ಹಕ್ಕಿನ ಘೋಷಣೆಗಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತೆ ಉಭಯತ್ರರಿಗೆ ಹೇಳಬೇಕು. ಇದರ ಪರಿಣಾಮ ಹಣದಲ್ಲೂ ಕಾಣುತ್ತದೆ. ಮಾಲೀಕ–ಬಾಡಿಗೆದಾರರ ನಡುವಿನ ತೆರವಿನ ದಾವೆಗೆ ನ್ಯಾಯಾಲಯ ಶುಲ್ಕದ ಲೆಕ್ಕ ಒಂದು ವರ್ಷದ ಬಾಡಿಗೆಯ ಮೇಲೆ. ಹಕ್ಕು ಘೋಷಣೆ ಮತ್ತು ಸ್ವಾಧೀನದ ದಾವೆಗೆ ಸ್ವತ್ತಿನ ಮಾರುಕಟ್ಟೆ ಬೆಲೆಯ ಮೇಲೆ. ವಠಾರದ ಒಂದು ಭಾಗದ ಬಾಡಿಗೆಯನ್ನೇ ಜೀವನಾಧಾರ ಮಾಡಿಕೊಂಡ ವಿಧವೆಗೆ ಈ ಎರಡು ಲೆಕ್ಕಗಳ ನಡುವಿನ ಅಂತರ ದಾವೆಯನ್ನೇ ಕೈಬಿಡಲು ಸಾಕಾದಷ್ಟು ದೊಡ್ಡದು.

ರಸೀದಿ ಕೊಡದ ಅಭ್ಯಾಸವನ್ನು ಮಾಲೀಕರ ತೆರಿಗೆ ತಪ್ಪಿಸುವ ಬುದ್ಧಿಯೆಂದು ಮಾತ್ರ ವಿವರಿಸುವುದುಂಟು. ಅದು ಪೂರ್ಣ ವಿವರಣೆಯಲ್ಲ. 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆ, ಆನಂತರದ 1961ರ ಬಾಡಿಗೆ ನಿಯಂತ್ರಣ ಕಾಯಿದೆಗಳ ಕಾಲ ಬೇರೆಯಾಗಿತ್ತು. ಮನೆ ತೆರವಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಆತ ಅದನ್ನು ಇನ್ನೊಬ್ಬರಿಗೆ ಹಂಚಿಕೊಡಬಹುದಿತ್ತು. ತನ್ನ ಮನೆಗೆ ಯಾರು ಬರಬೇಕೆಂಬ ಆಯ್ಕೆ ಕೈತಪ್ಪುವ ಭಯದಿಂದ ಮಾಲೀಕ ಕಾಗದವನ್ನೇ ದೂರವಿಟ್ಟಿರಬೇಕು. ಒಂದು ತಲೆಮಾರಿನ ಎಚ್ಚರಿಕೆ ಮುಂದಿನ ತಲೆಮಾರಿಗೆ ಆಚಾರವಾಗಿ ಉಳಿಯುವುದು ಜಾನಪದದಲ್ಲಿ ಹೊಸತಲ್ಲ.

ಆಚಾರದ ಜೊತೆಗೆ ನಂಬಿಕೆಗಳೂ ಇವೆ. ಇವುಗಳನ್ನು ‘ಕಾನೂನು ಜಾನಪದ’ವೆಂದು ಕರೆಯಬಹುದು, ಬಾಡಿಗೆ ಮನೆಯ ಜಗಲಿಯಲ್ಲಿ, ನ್ಯಾಯಾಲಯದ ಆವರಣದ ಚಹಾ ಅಂಗಡಿಯಲ್ಲಿ ಬಾಯಿಂದ ಬಾಯಿಗೆ ಸಾಗುವ ತಿಳಿವಳಿಕೆ ಇದು. ಬಹು ಪ್ರಬಲವಾದುದು ಹನ್ನೆರಡು ವರ್ಷದ ನಂಬಿಕೆ: ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೆ ಮನೆ ಬಾಡಿಗೆದಾರನದಾಗುತ್ತದೆ. ಇದಕ್ಕೆ ಹೆದರಿ ಒಳ್ಳೆಯ ಬಾಡಿಗೆದಾರನನ್ನೂ ಹತ್ತು ವರ್ಷದೊಳಗೆ ಬಿಡಿಸುವ ಮಾಲೀಕರಿದ್ದಾರೆ. ಇದನ್ನೇ ನೆಚ್ಚಿ ಕಾಯುವ ಬಾಡಿಗೆದಾರರೂ ಇದ್ದಾರೆ. 1963ರ ಕಾಲಮಿತಿ ಕಾಯಿದೆಯಲ್ಲಿ ಹನ್ನೆರಡು ವರ್ಷವೆಂಬ ಅಂಕಿ ಇರುವುದು ನಿಜ. ಆದರೆ ಬಾಡಿಗೆದಾರನ ವಿರುದ್ಧದ ದಾವೆಗೆ ಆ ಅವಧಿ ಎಣಿಕೆಯಾಗುವುದು ಬಾಡಿಗೆ ಕೊನೆಗೊಂಡ ದಿನದಿಂದ, ಆತ ಮನೆ ಹೊಕ್ಕ ದಿನದಿಂದಲ್ಲ. ಒಪ್ಪಿಗೆಯ ಮೇಲೆ ಇರುವವನ ವಾಸ ಎಷ್ಟೇ ದೀರ್ಘವಾದರೂ ಅದು ಪ್ರತಿಕೂಲ ಸ್ವಾಧೀನವಾಗದು. ನಂಬಿಕೆಯ ಮೇಲೆ ಮನೆ ನೋಡಿಕೊಳ್ಳಲು ಬಿಟ್ಟ ಬಂಧುವಿನ ವಿಷಯದಲ್ಲೂ ಸರ್ವೋಚ್ಚ ನ್ಯಾಯಾಲಯ ಗೋವೆಯ ಮೊಕದ್ದಮೆಯೊಂದರಲ್ಲಿ 2012ರಲ್ಲಿ ಇದೇ ಮಾತನ್ನು ಹೇಳಿದೆ.

ಇನ್ನೊಂದು ನಂಬಿಕೆ ಹನ್ನೊಂದು ತಿಂಗಳಿನದು. ಹನ್ನೊಂದು ತಿಂಗಳಿಗೆ ಬರೆದ ಕರಾರು ಮುಗಿದೊಡನೆ ಮನೆ ತಾನಾಗಿ ಮಾಲೀಕನ ಕೈಗೆ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಒಂದು ವರ್ಷವನ್ನು ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕೆಂಬ ನಿಯಮವನ್ನು ದೂರವಿಡಲು ಹುಟ್ಟಿದ ಅವಧಿ ಇದು. ಬೇರಾವ ಮಹಿಮೆಯೂ ಇದಕ್ಕಿಲ್ಲ. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಪಡೆಯುತ್ತ ಹೋದರೆ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ.

ಮೂರನೆಯದು ಅಪಾಯಕಾರಿ ನಂಬಿಕೆ: ಮನೆ ನನ್ನದು, ಬೀಗ ಹಾಕುವ ಹಕ್ಕೂ ನನ್ನದು ಎಂಬುದು. ನೀರು ನಿಲ್ಲಿಸುವುದು, ವಿದ್ಯುತ್ ತೆಗೆಸುವುದು, ಹೆಂಚು ಇಳಿಸುವುದು, ಪಾತ್ರೆಪಗಡಿಗಳನ್ನು ಬೀದಿಗೆ ಹಾಕುವುದು ಮಾಲೀಕರ ಹಳೆಯ ಅಸ್ತ್ರಗಳು. ಠಾಣೆಯಲ್ಲಿ ಪಂಚಾಯ್ತಿ ಮಾಡಿಸುವುದು ಇವುಗಳ ಮುಂದುವರಿಕೆ. ಮನೆ ತೆರವು ಮಾಡಿಸುವುದು ಪೊಲೀಸರ ಅಧಿಕಾರವಲ್ಲ. ಒಲೆ ಉರಿಯುತ್ತಿರುವ ಮನೆಗೆ ಕೈಹಾಕಬಾರದೆಂಬ ಜನಪದರ ನೀತಿಯ ಪಕ್ಕದಲ್ಲಿ ಇಡಬಹುದಾದ ನಿಯಮವೊಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಲ್ಲಿದೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರದೆಂಬ ಪ್ರಶ್ನೆಯನ್ನೇ ಎತ್ತದೆ ನ್ಯಾಯಾಲಯ ಅವನಿಗೆ ಸ್ವಾಧೀನವನ್ನು ಮರಳಿಸಬಹುದು. ಗೆಲ್ಲಬಹುದಾಗಿದ್ದ ಮಾಲೀಕ ಒಂದು ಬೀಗದಿಂದ ಪ್ರತಿವಾದಿಯಾಗಿ ನಿಲ್ಲುವುದು ಹೀಗೆ.

ಹಾಗಾದರೆ ಕ್ರಮದ ದಾರಿ ಯಾವುದು? ಅದು ಬಾಡಿಗೆಯ ಮೊತ್ತವನ್ನು ಅವಲಂಬಿಸಿ ಎರಡಾಗಿ ಒಡೆಯುತ್ತದೆ. ತಿಂಗಳ ಬಾಡಿಗೆ ದೊಡ್ಡ ನಗರ ಪ್ರದೇಶಗಳಲ್ಲಿ 3500 ರೂಪಾಯಿ, ಉಳಿದೆಡೆ 2000 ರೂಪಾಯಿ ಮೀರಿದರೆ 1999ರ ಕಾಯಿದೆ ಅನ್ವಯಿಸದೆಂದು ಶಾಸನಕಾರರು ಗಡಿ ಹಾಕಿದರು. ವಾಣಿಜ್ಯ ಮಳಿಗೆಗೆ 14 ಚದರ ಮೀಟರು ವಿಸ್ತೀರ್ಣದ ಗಡಿ. ಅಂದು ಈ ಅಂಕಿ ಮಧ್ಯಮ ವರ್ಗದ ಮನೆಗಳನ್ನು ಒಳಗೊಳ್ಳುತ್ತಿತ್ತು. ಬಾಡಿಗೆಗಳು ಬೆಳೆದಂತೆ ಕಾಯಿದೆಯ ನೆರಳು ಕಿರಿದಾಗುತ್ತ ಬಂದು, ಹಳೆಯ ವಠಾರಗಳ ಹಳೆಯ ಬಾಡಿಗೆದಾರರಷ್ಟೇ ಅದರಡಿಯಲ್ಲಿ ಹೆಚ್ಚಾಗಿ ಉಳಿದಂತೆ ತೋರುತ್ತದೆ.

ಕಾಯಿದೆಯ ಹೊರಗಿರುವ ಮನೆಯ ಮಾಲೀಕ ಕಾರಣ ಹೇಳಬೇಕಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ವಾಸದ ಮನೆಗೆ ಹದಿನೈದು ದಿನಗಳ ನೋಟೀಸು ಕೊಟ್ಟು ಬಾಡಿಗೆಯನ್ನು ಕೊನೆಗೊಳಿಸಿ, ಆಮೇಲೆ ತೆರವಿನ ದಾವೆ ಹೂಡಬಹುದು. ಬೆಂಗಳೂರಿನಲ್ಲಿ ಇಂಥ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಹಿಂದೆ ನೋಟೀಸಿನ ಅವಧಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕಿತ್ತು. ಒಂದು ದಿನ ಹೆಚ್ಚುಕಡಿಮೆಯಾದರೂ ದಾವೆ ಬೀಳುತ್ತಿತ್ತು. 2003ರ 3ನೇ ಕಾಯಿದೆಯಿಂದಾದ ತಿದ್ದುಪಡಿ ಆ ಸೂಜಿಮೊನೆಯ ತಕರಾರನ್ನು ತೆಗೆದುಹಾಕಿತು. ನೋಟೀಸು ಕೊಟ್ಟ ಮೇಲೆ ಬಾಡಿಗೆ ಮುಟ್ಟಿದರೆ ಮೊಕದ್ದಮೆ ಸತ್ತಂತೆ ಎಂಬ ಮಾತೂ ಜನರಲ್ಲಿದೆ. ಬರಿದೆ ಬಾಡಿಗೆ ಸ್ವೀಕರಿಸಿದ್ದರಿಂದ ನೋಟೀಸನ್ನು ಬಿಟ್ಟುಕೊಟ್ಟಂತಾಗದು, ಬಾಡಿಗೆ ಮುಂದುವರಿಸುವ ಉದ್ದೇಶವೂ ತೋರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಸ್ಪಷ್ಟಪಡಿಸಿದೆ.

ಕಾಯಿದೆಯೊಳಗಿನ ಮನೆಯದು ಬೇರೆ ಕತೆ. ಅಲ್ಲಿ 27ನೇ ಕಲಮು ಎಣಿಸಿರುವ ಕಾರಣಗಳಲ್ಲಿ ಒಂದನ್ನಾದರೂ ರುಜುವಾತುಪಡಿಸಬೇಕು: ತಗಾದೆಯ ನೋಟೀಸು ಮುಟ್ಟಿ ಎರಡು ತಿಂಗಳಾದರೂ ಬಾಕಿ ಕೊಡದಿರುವುದು, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು, ಮನೆಗೆ ಹಾನಿ, ನೆರೆಯವರಿಗೆ ಉಪದ್ರವ, ಮಾಲೀಕನ ಪ್ರಾಮಾಣಿಕ ಅಗತ್ಯ ಮುಂತಾದವು. ವಿಧವೆಯರು, ವೃದ್ಧರು, ಅಂಗವಿಕಲರು, ಸೇನೆಯವರು ಮೊದಲಾದ ಮಾಲೀಕರಿಗೆ ಬೇಗ ಸ್ವಾಧೀನ ದೊರಕಿಸುವ ಪ್ರತ್ಯೇಕ ಅವಕಾಶಗಳೂ ಇವೆ.

ಈ ಕಾರಣಗಳಲ್ಲಿ ಬಾಕಿಯನ್ನು ರುಜುವಾತು ಮಾಡುವುದು ಸುಲಭ, ಉಪದ್ರವವನ್ನು ರುಜುವಾತು ಮಾಡುವುದು ಅತಿ ಕಷ್ಟ. ವಠಾರದ ನಲ್ಲಿಯ ಬಳಿ ನಡೆದ ಜಗಳಕ್ಕೆ ಹತ್ತು ಮನೆಯವರು ಸಾಕ್ಷಿ. ಕಟಕಟೆಗೆ ಬರುವವರು ಒಬ್ಬರೂ ಇಲ್ಲ. ನಾಳೆಯೂ ಅದೇ ನಲ್ಲಿಯಲ್ಲಿ ನೀರು ಹಿಡಿಯಬೇಕಾದವರು ಅವರು. ಒಳಬಾಡಿಗೆಯ ವಿಚಾರವೂ ಹೀಗೆಯೇ. ‘ಬೇರೆ ಒಲೆ ಹೂಡಿದ್ದಾರೆ’ ಎಂಬ ಒಂದು ಮಾತಿನಿಂದ ಹಳ್ಳಿಯ ಹಿರಿಯರು ಎರಡು ಸಂಸಾರಗಳನ್ನು ಗುರುತಿಸಿಬಿಡುತ್ತಾರೆ. ನ್ಯಾಯಾಲಯ ಕೇಳುವುದು ಮೂರನೆಯವನಿಗೆ ಪ್ರತ್ಯೇಕ ಸ್ವಾಧೀನ ಬಿಟ್ಟುಕೊಟ್ಟದ್ದಕ್ಕೆ ಪುರಾವೆಯನ್ನು. ಬಂದವನು ಬಾಡಿಗೆದಾರನ ತಮ್ಮನೆಂದೋ ಭಾವಮೈದುನನೆಂದೋ ಹೇಳಿದರೆ ಮಾಲೀಕನ ವಾದಕ್ಕೆ ಅಲ್ಲಿಯೇ ತೊಡಕು.

1961ರ ಕಾಯಿದೆಯಲ್ಲಿದ್ದ ಒಂದು ಅಂಶವನ್ನು ಇಲ್ಲಿ ನೆನೆಯಬೇಕು. ಮಾಲೀಕ ಸ್ವಂತ ಅಗತ್ಯಕ್ಕೆ ಮನೆ ಕೇಳಿದಾಗ, ಕೊಟ್ಟರೆ ಬಾಡಿಗೆದಾರನಿಗಾಗುವ ಕಷ್ಟ ಹೆಚ್ಚೋ ಕೊಡದಿದ್ದರೆ ಮಾಲೀಕನಿಗಾಗುವ ಕಷ್ಟ ಹೆಚ್ಚೋ ಎಂದು ನ್ಯಾಯಾಧೀಶರು ತೂಗಬೇಕೆಂದು 21ನೇ ಕಲಮಿನ 4ನೇ ಉಪಕಲಮು ವಿಧಿಸಿತ್ತು. ಮನೆಯ ಒಂದು ಭಾಗವನ್ನಷ್ಟೇ ಬಿಡಿಸಿಕೊಡುವುದಕ್ಕೂ ಅವಕಾಶವಿತ್ತು. ಎರಡು ಸಂಸಾರಗಳ ಕಷ್ಟವನ್ನು ಎದುರುಬದುರು ಇಟ್ಟು ನೋಡುವ ಈ ಕ್ರಮ ಹಳ್ಳಿಯ ನ್ಯಾಯಕಟ್ಟೆಗೆ ಬಹಳ ಹತ್ತಿರದ್ದು. ಅದರ ಬೆಲೆಯನ್ನು ತೆತ್ತವರು ಮಾಲೀಕರು; ಮೊಕದ್ದಮೆಗಳು ಬೆಳೆದದ್ದು ಬಹುಮಟ್ಟಿಗೆ ಈ ತೂಕದಲ್ಲಿಯೇ. ಆದರೂ ಕಷ್ಟವನ್ನು ಕೇಳಿಸಿಕೊಳ್ಳುವ ಒಂದು ಕಿವಿಯನ್ನು ಶಾಸನ ಬರೆದಿಟ್ಟಿತ್ತು ಎಂಬುದನ್ನು ಮರೆಯಲಾಗದು.

ಬೆಂಗಳೂರಿನ ‘ಭೋಗ್ಯ’ ಪದ್ಧತಿ ಇನ್ನೂ ಜಟಿಲವಾದುದು. ದೊಡ್ಡ ಇಡಿಗಂಟನ್ನು ಮಾಲೀಕನಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಪೂರ್ಣ ಹಣ ವಾಪಸು ಪಡೆಯುವುದು ಇದರ ಕ್ರಮ. ಜನ ಇದನ್ನೇ ‘ಲೀಸು’ ಎನ್ನುತ್ತಾರೆ. ಜಮೀನನ್ನು ಸಾಲಕ್ಕೆ ಭೋಗ್ಯ ಹಾಕಿ, ಬಡ್ಡಿಗೆ ಬದಲಾಗಿ ಅದರ ಫಲವನ್ನು ಬಿಟ್ಟುಕೊಡುವ ಹಳ್ಳಿಯ ಪದ್ಧತಿಯೇ ಇಲ್ಲಿ ಮನೆಯ ರೂಪ ತಾಳಿದೆ. ಇದು ಬಾಡಿಗೆಯೋ ಅಡಮಾನವೋ ಎಂಬ ಪ್ರಶ್ನೆಗೆ ಪತ್ರದ ತಲೆಬರಹದಿಂದ ಉತ್ತರ ಸಿಗದು. ಒಳಗಿನ ಷರತ್ತುಗಳನ್ನು ನೋಡಿ ನ್ಯಾಯಾಲಯ ನಿರ್ಧರಿಸುತ್ತದೆ. ಇಲ್ಲಿ ಮಾಲೀಕ ಮತ್ತು ವಾಸಿಯ ಪಾತ್ರಗಳು ಅದಲುಬದಲಾಗುತ್ತವೆ. ಇಡಿಗಂಟನ್ನು ಖರ್ಚುಮಾಡಿಕೊಂಡ ಮಾಲೀಕನಿಗೆ ಅದನ್ನು ಹಿಂದಿರುಗಿಸದೆ ಮನೆ ಬಿಡಿಸಿಕೊಳ್ಳುವುದು ಕಷ್ಟ; ಅವಧಿ ಮುಗಿದರೂ ಏಳದ ವಾಸಿಯನ್ನು ‘ತೊಂದರೆಯ ಬಾಡಿಗೆದಾರ’ ಎನ್ನುವ ಬದಲು ಸಾಲ ಕೊಟ್ಟವನೆಂದು ಕರೆಯುವುದೇ ಹೆಚ್ಚು ಸರಿ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಸಂಕಟ ಇನ್ನೂ ಆಳವಾದುದು. 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಸ್ವಾಧೀನಕ್ಕೆ ಬಂದಾಗ, ಒಂದು ವರ್ಷ ಮೀರಿದ ಗುತ್ತಿಗೆಯ ರಕ್ಷಣೆ ಬೇಡುವವನು ನೋಂದಾಯಿತ ಪತ್ರ ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ. ಛಾಪಾ ಕಾಗದದ ಮೇಲೆ ಬರೆಸಿ, ನೋಂದಣಿ ಖರ್ಚಿಗೆ ಹಿಂಜರಿದು ಮನೆಯಲ್ಲಿಟ್ಟುಕೊಂಡ ಭೋಗ್ಯಪತ್ರ ಅಲ್ಲಿ ನೆರವಿಗೆ ಬರುವುದಿಲ್ಲ. ಹೆಣ್ಣುಮಕ್ಕಳ ಒಡವೆ ಮಾರಿ ಕೂಡಿಸಿದ ಗಂಟು ಮತ್ತು ತಲೆಯ ಮೇಲಿನ ಸೂರು ಒಟ್ಟಿಗೆ ಕೈಬಿಡುತ್ತವೆ.

ಡಿಕ್ರಿ ದೊರೆತ ಮಾತ್ರಕ್ಕೆ ಮನೆ ಸಿಗದು. ‘ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯ ಹಿಂದಿರುವುದು ಈ ಹಂತದ ಅನುಭವ. ಸೋತ ಬಾಡಿಗೆದಾರ ಮೇಲಿನ ನ್ಯಾಯಾಲಯದಲ್ಲಿ ತಡೆಯಾಜ್ಞೆ ತಂದು ಹಳೆಯ ಬಾಡಿಗೆಯಲ್ಲೇ ವರ್ಷಗಟ್ಟಲೆ ಮುಂದುವರಿಯುವುದು ಹಿಂದಿನ ಪರಿಪಾಠ. ತಡೆಯಾಜ್ಞೆ ಬೇಕಾದರೆ ಡಿಕ್ರಿಯ ದಿನದಿಂದ ಮಾರುಕಟ್ಟೆಯ ದರಕ್ಕೆ ಹೊಂದುವ ಮೊತ್ತ ಕೊಡುವ ಷರತ್ತನ್ನು ವಿಧಿಸಬಹುದೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಈ ಲಾಭ ಕಡಿಮೆಯಾಯಿತು. ಬೆಂಗಳೂರಿನ ಸ್ವತ್ತೊಂದರ ದೀರ್ಘ ವ್ಯಾಜ್ಯದಲ್ಲಿ, ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು 2021ರಲ್ಲಿ ಅದೇ ನ್ಯಾಯಾಲಯ ನಿರ್ದೇಶಿಸಿತು. ವಾಸ್ತವದಲ್ಲಿ ಬಹಳಷ್ಟು ಮೊಕದ್ದಮೆಗಳು ಕೊನೆಗಾಣುವುದು ರಾಜಿ ಅರ್ಜಿಯಲ್ಲಿ: ಮಕ್ಕಳ ಪರೀಕ್ಷೆ ಮುಗಿಯುವವರೆಗೆ, ಆಷಾಢ ಕಳೆಯುವವರೆಗೆ, ಮಗಳ ಮದುವೆಯಾಗುವವರೆಗೆ. ಬಾಕಿಯಲ್ಲಿ ಒಂದು ಭಾಗವನ್ನು ಮುಂಗಡಕ್ಕೆ ವಜಾ ಹಾಕಿ, ಉಳಿದುದನ್ನು ಬಿಟ್ಟುಕೊಟ್ಟು, ಇಂಥ ದಿನ ಬಿಡುವೆನೆಂದು ಬಾಡಿಗೆದಾರ ಪ್ರಮಾಣಪತ್ರ ಬರೆದುಕೊಡುತ್ತಾನೆ. ನ್ಯಾಯಕಟ್ಟೆಯ ಹಿರಿಯರು ಕೊಡುತ್ತಿದ್ದ ‘ವಾಯಿದೆ’ ಎಂಬ ಪದವೇ ವಕೀಲರ ಬಾಯಲ್ಲೂ ಉಳಿದಿರುವುದು ಆಕಸ್ಮಿಕವೆನಿಸದು. ಮೂರು ವರ್ಷ ಮೊದಲೇ ಜಗಲಿಯಲ್ಲಿ ಕುಳಿತು ಆಡಬಹುದಾಗಿದ್ದ ಮಾತು ಇದು ಎಂದು ಇಬ್ಬರಿಗೂ ಆಗ ಅನ್ನಿಸುವುದುಂಟು.

ರಾಜಿಯಾಗದಿದ್ದರೆ ಅಮೀನ ಬರುತ್ತಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮ ಅವನಿಗೆ ಬೀಗ ತೆಗೆಯಲು, ಅಗುಳಿ ಮುರಿಯಲು, ಬಾಗಿಲು ಒಡೆಯಲು ಅಧಿಕಾರ ಕೊಟ್ಟಿದೆ. ಅದಕ್ಕೆ ಮೊದಲು ಎಚ್ಚರಿಕೆ ಕೊಡಬೇಕು. ದೇಶಾಚಾರದಂತೆ ಹೊರಗೆ ಕಾಣಿಸಿಕೊಳ್ಳದ ಹೆಣ್ಣುಮಕ್ಕಳು ಒಳಗಿದ್ದರೆ ಅವರು ಹೊರಟುಹೋಗಲು ಅನುವು ಮಾಡಿಕೊಡಬೇಕೆಂದು 1908ರ ಆ ಸಂಹಿತೆ ಬರೆದಿಟ್ಟಿದೆ. ಒಳಗಿರುವ ಮೂರನೆಯವನು ‘ನನಗೆ ಬೇರೆ ಹಕ್ಕಿದೆ’ ಎಂದು ಅಡ್ಡನಿಂತರೆ 97ನೇ ನಿಯಮದಡಿ ಮತ್ತೊಂದು ವಿಚಾರಣೆ ಆರಂಭವಾಗುತ್ತದೆ. ಯಾರೂ ಅಡ್ಡ ಬರದಿದ್ದರೆ ಸಾಮಾನುಗಳು ಒಂದೊಂದಾಗಿ ಹೊರಬರುತ್ತವೆ. ಪಂಚರ ಎದುರು ಪಟ್ಟಿ ತಯಾರಾಗುತ್ತದೆ. ಬೀಗದಕೈ ಡಿಕ್ರಿದಾರನಿಗೆ ಸಲ್ಲುತ್ತದೆ. ಸ್ವಾಧೀನ ವಹಿಸಿಕೊಟ್ಟದ್ದಕ್ಕೆ ಮಾಲೀಕ ರಸೀದಿಗೆ ಸಹಿ ಹಾಕುತ್ತಾನೆ. ಬಾಯಿಮಾತಿನ ಮೇಲೆ ನಡೆದ ಎಷ್ಟೋ ಬಾಡಿಗೆಗಳಲ್ಲಿ ಆ ಮನೆಯ ಬಾಬ್ತು ಆತ ಸಹಿ ಹಾಕಿದ ಮೊದಲ ರಸೀದಿ ಅದೇ ಆಗಿರುತ್ತದೆ.